ಬೆಳಿಗ್ಗೆ ಒಂದು ದರ, ಸಂಜೆಗೆ ಇನ್ನೊಂದು: ಪ್ರಯಾಣಿಕರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ, ವಿದೇಶಿ ಹಣ ತುಂಬಿಸಿಕೊಂಡು ಬಳಸುವ ಫಾರೆಕ್ಸ್ ಕಾರ್ಡಿನ ಬಗ್ಗೆ ಬರೆದ ಮೇಲೆ ಮೈಸೂರು, ಮಂಡ್ಯ ಸೀಮೆಯಿಂದ ಬಂದ ಪತ್ರಗಳಲ್ಲಿ ಆರು ಒಂದೇ ದಿಕ್ಕಿನವಾಗಿದ್ದವು. ಹಣದ ಬೆಲೆ ನಿಲ್ಲದ, ಅಂಗಡಿಯಲ್ಲಿ ಸರಕು ಸಿಗದ ದೇಶಕ್ಕೆ ಹೋಗಬೇಕಾಗಿ ಬಂದಾಗ ಏನು ಮಾಡಬೇಕೆಂಬುದು ಎಲ್ಲರ ಚಿಂತೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕುಳಿತು ಎದ್ದವನಾದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಆ ಆರು ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಭಜನಾ ಮಂಡಳಿಯ 22 ಮಂದಿ 2022ರಲ್ಲಿ ಶ್ರೀಲಂಕಾದ ರಾಮಾಯಣ ಯಾತ್ರೆಗೆ ಮುಂಗಡ ಕಟ್ಟಿದ್ದೆವು. ಅಲ್ಲಿನ ಪರಿಸ್ಥಿತಿ ಕೆಟ್ಟು ಹೋಗಲಾಗಲಿಲ್ಲ. ಈಗ ಮತ್ತೆ ಹೊರಟಿದ್ದೇವೆ, ಹೆಚ್ಚಿನವರು ಹಿರಿಯರು. ಎಲ್ಲರ ಹಣವನ್ನೂ ಕೊಲಂಬೊದಲ್ಲಿ ಇಳಿದ ಕೂಡಲೇ ಒಟ್ಟಿಗೆ ಬದಲಾಯಿಸಿಕೊಂಡರೆ ಸಲೀಸಲ್ಲವೇ? (ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ)

ಉತ್ತರ: ಆ ಸಲೀಸಿಗೆ ನಾನು ತೆತ್ತ ಬೆಲೆಯನ್ನು ಮೊದಲು ಹೇಳಿಬಿಡುತ್ತೇನೆ. 2022ರ ಮಾರ್ಚ್ ಮೊದಲ ವಾರ ಬಂಧುಗಳ ಮನೆಯ ಕಾರ್ಯಕ್ಕೆಂದು ಕೊಲಂಬೊದಲ್ಲಿ ಇಳಿದವನು, ಮತ್ತೆ ಮತ್ತೆ ಬ್ಯಾಂಕು ಹುಡುಕುವ ತಾಪತ್ರಯ ಬೇಡವೆಂದು 400 ಡಾಲರನ್ನು ಒಂದೇ ಸಲಕ್ಕೆ, ಡಾಲರಿಗೆ ಸುಮಾರು 200 ಶ್ರೀಲಂಕಾ ರೂಪಾಯಿಯಂತೆ ಬದಲಾಯಿಸಿಕೊಂಡೆ. ಅಲ್ಲಿನ ಕೇಂದ್ರ ಬ್ಯಾಂಕು ತಿಂಗಳುಗಟ್ಟಲೆ ಬಿಗಿಹಿಡಿದಿದ್ದ ದರವನ್ನು ಮಾರ್ಚ್ 7ರಂದು ಸಡಿಲಿಸಿತು. ನಾನು ಹಿಂದಿರುಗುವ ಹೊತ್ತಿಗೆ ಡಾಲರು 260ನ್ನು ದಾಟಿತ್ತು. ಕೆಲವು ದಿನ ತಡೆದಿದ್ದರೆ ಅದೇ 400 ಡಾಲರಿಗೆ ಅಲ್ಲಿನ ಲೆಕ್ಕದಲ್ಲಿ 20,000 ರೂಪಾಯಿಗೂ ಹೆಚ್ಚು ಸಿಗುತ್ತಿತ್ತು. ಕೌಂಟರಿನ ಒಳಗೆ ಕುಳಿತು ಊರಿಗೆಲ್ಲ ಬುದ್ಧಿ ಹೇಳಿದವನೇ ಹೀಗೆ ಮಾಡಿಕೊಂಡನೆಂದು ನಮ್ಮ ಮನೆಯವರು ಇಂದಿಗೂ ನೆಂಟರೆದುರು ಹೇಳುವುದುಂಟು.

ಆದ್ದರಿಂದ ದರ ಅಲುಗಾಡುತ್ತಿರುವ ದೇಶದಲ್ಲಿ ಎರಡು ಅಥವಾ ಮೂರು ದಿನದ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಸ್ಥಳೀಯ ಹಣವಾಗಿ ಮಾಡಿಕೊಂಡು, ಉಳಿದದ್ದನ್ನು ಡಾಲರಿನಲ್ಲೇ ಇಟ್ಟುಕೊಳ್ಳಬೇಕು. ತೊಂದರೆಯ ದೇಶದಲ್ಲಿ ಹಣ ಸಾಮಾನ್ಯವಾಗಿ ಇಳಿಯುತ್ತದೆಯೇ ವಿನಾ ಏರುವುದು ಅಪರೂಪವಾದ ಕಾರಣ, ಕಾಯುವವನಿಗೆ ನಷ್ಟವಾಗುವ ಸಂಭವ ಕಡಿಮೆ.

ಆ ಪ್ರವಾಸದ ಇನ್ನೊಂದು ಸಂಗತಿ ನಿಮ್ಮ ಗುಂಪಿಗೆ ಉಪಯೋಗಕ್ಕೆ ಬಂದೀತು. ಕ್ಯಾಂಡಿಯಲ್ಲಿ ಆಟೊದವನೊಬ್ಬ ಮಾಮೂಲಿಗಿಂತ ಮೂರು ಪಟ್ಟು ಬಾಡಿಗೆ ಕೇಳಿದಾಗ, ನಮ್ಮ ಗಡಿಯಾರದ ವೃತ್ತದಲ್ಲಿ ಚೌಕಾಸಿ ಮಾಡುವ ಧಾಟಿಯಲ್ಲೇ ನಾನೂ ವಾದಕ್ಕಿಳಿದೆ. ಅವನು ಮಾತಾಡದೆ ಹಿಂದಿನ ಸೀಟಿನ ಮೇಲಿದ್ದ ಸಾಮಾನನ್ನು ಬದಿಗೆ ಸರಿಸಿ ನನಗೆ ಜಾಗ ಮಾಡತೊಡಗಿದ: ಒಂದು ದಿಂಬು, ಸುರುಳಿ ಸುತ್ತಿದ ಚಾಪೆ, ಚಹಾದ ಫ್ಲಾಸ್ಕು, ಮಗುವಿನ ಒಂದು ಸ್ವೆಟರು. ಹಿಂದಿನ ರಾತ್ರಿಯನ್ನು ಅವನೂ ಅವನ ಮಗನೂ ಪೆಟ್ರೋಲ್ ಬಂಕಿನ ಸಾಲಿನಲ್ಲಿ ಸರದಿಯ ಮೇಲೆ ಕಳೆದಿದ್ದರಂತೆ. ಅವನು ಕೇಳಿದ ಬಾಡಿಗೆಯಲ್ಲಿ ಪೆಟ್ರೋಲಿನ ಬೆಲೆಯ ಜೊತೆಗೆ ಆ ರಾತ್ರಿಯ ಕೂಲಿಯೂ ಸೇರಿತ್ತು. ಅಭಾವದ ದೇಶದಲ್ಲಿ ಯಾವುದೇ ವಸ್ತುವಿನ ದರವನ್ನು ಹೀಗೆ ಲೆಕ್ಕ ಹಾಕಬೇಕಾಗುತ್ತದೆಂಬುದು ನನಗೆ ಅಲ್ಲಿ ಹೊಳೆಯಿತು.

ಆ ವರ್ಷದ ಏಪ್ರಿಲ್ 12ರಂದು ಶ್ರೀಲಂಕಾ ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು. ಜುಲೈಯಿಂದ ವಾಹನಗಳಿಗೆ ಕ್ಯೂಆರ್ ಕೋಡಿನ ಇಂಧನ ಪಡಿತರ ಬಂತು, 2023ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದರು. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಕೂಡ ಅಲ್ಲಿನ ಅನೇಕ ಅಂಗಡಿಗಳಲ್ಲಿ ನಡೆಯುತ್ತದೆ. ಹೀಗೆಂದು ಮೈಮರೆಯಬೇಡಿ. ಹೊರಡುವ ವಾರ ಅಲ್ಲಿನ ಹೋಟೆಲಿಗೇ ಫೋನು ಮಾಡಿ, ಇಂಧನ ಸಿಗುತ್ತಿದೆಯೇ, ವಿದ್ಯುತ್ ಹೋದರೆ ಜನರೇಟರಿನಿಂದ ಲಿಫ್ಟು ನಡೆಯುತ್ತದೆಯೇ ಎಂದು ನೇರವಾಗಿ ಕೇಳಿ. ಮಂಡಿನೋವಿನವರು ಗುಂಪಿನಲ್ಲಿರುವಾಗ ಮೂರನೆಯ ಮಹಡಿಯ ಕೋಣೆಗಿಂತ ದೊಡ್ಡ ಅಭಾವ ಬೇರೆ ಇಲ್ಲ. ಪ್ರವಾಸದ ಏಜೆಂಟರಿಂದ, ದಾರಿಯಲ್ಲಿ ಡೀಸೆಲ್ ದರ ಏರಿದರೆ ಹೆಚ್ಚುವರಿ ಹಣ ಕೇಳುವುದಿಲ್ಲವೆಂದೂ, ಯಾತ್ರೆ ರದ್ದಾದರೆ ಮುಂಗಡ ಎಷ್ಟು ದಿನದಲ್ಲಿ ವಾಪಸಾಗುತ್ತದೆಂದೂ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಖಜಾಂಚಿಯೊಬ್ಬರ ಸೊಂಟದ ಚೀಲದಲ್ಲೇ 22 ಮಂದಿಯ ಹಣವನ್ನು ಇಡುವುದಂತೂ ಬೇಡ. ನಾಲ್ಕೈದು ಜನರಲ್ಲಿ ಹಂಚಿಡಿ.

ಪ್ರಶ್ನೆ: ನಾನು ಗೋಕುಲಂನಲ್ಲಿ ಯೋಗ ಕಲಿಸುತ್ತೇನೆ. ಅರ್ಜೆಂಟೀನಾದ ಶಿಷ್ಯರು ಬ್ಯೂನಸ್ ಐರಿಸ್‌ಗೆ ಮೂರು ತಿಂಗಳ ತರಗತಿಗಾಗಿ ಕರೆದಿದ್ದಾರೆ. ಅಲ್ಲಿ ಡಾಲರಿಗೆ ಎರಡು ದರ ಇರುತ್ತದೆ, ಬೀದಿಯಲ್ಲಿ ಬದಲಾಯಿಸಿದರೆ ಲಾಭ ಎನ್ನುತ್ತಾರೆ. ನಿಜವೇ? ಶುಲ್ಕವನ್ನು ಅವರ ಪೆಸೊದಲ್ಲೇ ತೆಗೆದುಕೊಳ್ಳಬಹುದೇ? (ಯೋಗ ಶಿಕ್ಷಕಿ, ಮೈಸೂರು)

ಉತ್ತರ: ಎರಡು ದರ ಇದ್ದದ್ದು ನಿಜ. ಸರ್ಕಾರಿ ದರಕ್ಕೆ ಡಾಲರು ಬೇಕೆಂದವರಿಗೆಲ್ಲ ಸಿಗದಂತೆ ನಿರ್ಬಂಧ ಹೇರಿದ್ದರಿಂದ, ಜನರು ಪರಸ್ಪರ ಕೊಳ್ಳುವ ‘ನೀಲಿ ಡಾಲರು’ ಎಂಬ ಇನ್ನೊಂದು ದರ ಹುಟ್ಟಿಕೊಂಡು, ಒಂದು ಹಂತದಲ್ಲಿ ಅದು ಸರ್ಕಾರಿ ದರದ ಎರಡರಷ್ಟನ್ನು ಮುಟ್ಟಿತ್ತು. ಫ್ಲೋರಿಡಾ ಎಂಬ ಬೀದಿಯಲ್ಲಿ ‘ಕಾಂಬಿಯೊ, ಕಾಂಬಿಯೊ’ ಎಂದು ಕೂಗುತ್ತ ನಿಲ್ಲುವ ದಲ್ಲಾಳಿಗಳು ಗಿರಾಕಿಗಳನ್ನು ಮಹಡಿಯ ಮೇಲಿನ ಕೋಣೆಗಳಿಗೆ ಕರೆದೊಯ್ಯುತ್ತಾರೆ. ಆ ಕೋಣೆಗಳನ್ನು ಅಲ್ಲಿನವರು ‘ಗುಹೆ’ ಎನ್ನುತ್ತಾರೆ. ಕಾನೂನಿಗೆ ಹೊರತಾದರೂ ಅಲ್ಲಿ ಅದನ್ನು ನೋಡಿಯೂ ನೋಡದಂತೆ ಇರುವುದು ರೂಢಿ. ಆದರೆ 2025ರ ಏಪ್ರಿಲ್‌ನಲ್ಲಿ ವ್ಯಕ್ತಿಗಳ ಮೇಲಿದ್ದ ಬಹುಪಾಲು ನಿರ್ಬಂಧಗಳನ್ನು ತೆಗೆದ ಮೇಲೆ ಎರಡು ದರಗಳ ನಡುವಿನ ಅಂತರ ತೀರ ಕಿರಿದಾಯಿತು. ಅಂತರ ಕಿರಿದಾದಾಗ ಬೀದಿಯ ವ್ಯವಹಾರದಿಂದ ಸಿಗುವ ಲಾಭ ಕೈಗೆ ಬರುವ ಒಂದೆರಡು ಖೋಟಾ ನೋಟಿಗೆ ಸಮವಾಗಿಬಿಡುತ್ತದೆ. ಹೋಗುವ ಮುನ್ನ ನಿಮ್ಮ ಶಿಷ್ಯರನ್ನು ಕೇಳಿ ಎರಡೂ ದರಗಳನ್ನು ತಿಳಿದುಕೊಳ್ಳಿ. ನೂರಕ್ಕೆ ಐದಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಬ್ಯಾಂಕಿಗೋ ಪರವಾನಗಿ ಇರುವ ವಿನಿಮಯ ಕಚೇರಿಗೋ ಹೋಗುವುದು ಜಾಣತನವೆಂಬುದು ನನ್ನ ಎಣಿಕೆ.

ಕಾರ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ ಎಲ್ಲ ಇಬ್ಬಗೆ ದರದ ದೇಶಗಳಿಗೂ ಅನ್ವಯಿಸುತ್ತದೆ. ಕಾರ್ಡು ಉಜ್ಜಿದಾಗ ಲೆಕ್ಕ ನಡೆಯುವುದು ಸಾಮಾನ್ಯವಾಗಿ ಸರ್ಕಾರಿ ದರದಲ್ಲಿ. ಅಂತರ ದೊಡ್ಡದಿರುವ ದೇಶದಲ್ಲಿ ಊಟ ಒಂದಾದರೂ ಕಾರ್ಡಿನಲ್ಲಿ ಕೊಟ್ಟವನಿಗೆ ಬೆಲೆ ಎರಡಾಗುತ್ತದೆ. ಅರ್ಜೆಂಟೀನಾ ಇದನ್ನು ಮನಗಂಡು 2022ರ ಕೊನೆಯಿಂದ ವಿದೇಶಿ ಕಾರ್ಡುಗಳಿಗೆ ಬೇರೆಯೇ ಅನುಕೂಲದ ದರ ಕೊಡತೊಡಗಿತು, ಬೇರೆ ಎಷ್ಟೋ ದೇಶಗಳು ಕೊಡಲಿಲ್ಲ. ಯಂತ್ರವು ‘ರೂಪಾಯಿಯಲ್ಲಿ ಕೊಡುವಿರೋ, ಸ್ಥಳೀಯ ಹಣದಲ್ಲೋ’ ಎಂದು ಕೇಳಿದರೆ ಯಾವಾಗಲೂ ಸ್ಥಳೀಯ ಹಣವನ್ನೇ ಒತ್ತಿ. ರೂಪಾಯಿ ನೋಡಿ ನಮ್ಮದೇ ಹಣವೆಂದು ಮೋಹಗೊಂಡರೆ ಅಂಗಡಿಯ ಯಂತ್ರದವರು ತಮಗೆ ಬೇಕಾದ ದರ ಹಾಕಿಕೊಳ್ಳುತ್ತಾರೆ. ಅರ್ಜೆಂಟೀನಾದ ಎಟಿಎಂಗಳಲ್ಲಿ ಒಂದು ಸಲಕ್ಕೆ ಸಿಗುವ ಮೊತ್ತ ಸಣ್ಣದು, ಶುಲ್ಕ ದೊಡ್ಡದು. ಅದನ್ನು ಕೊನೆಯ ಉಪಾಯವಾಗಿಟ್ಟುಕೊಳ್ಳಿ.

ಇನ್ನು ನೋಟಿನ ಸ್ಥಿತಿ. ನಮ್ಮಲ್ಲಿ ದೇವರಾಜ ಮಾರುಕಟ್ಟೆಯ ಹೂವಿನವಳು ಅಂಟಿಸಿದ ಹತ್ತರ ನೋಟನ್ನೂ ತಿರುಗಿಸಿ ನೋಡಿ ಇಟ್ಟುಕೊಳ್ಳುತ್ತಾಳೆ. ಡಾಲರಿಗೆ ಆ ದಾಕ್ಷಿಣ್ಯವಿಲ್ಲ. ಮಡಿಕೆಯ ಗೆರೆ, ಪೆನ್ನಿನ ಗೀಟು, ರಬ್ಬರ್ ಮೊಹರಿನ ಕಲೆ, ಪಿನ್ನಿನ ತೂತು, ಇವುಗಳಲ್ಲಿ ಒಂದಿದ್ದರೂ ಎಷ್ಟೋ ದೇಶಗಳಲ್ಲಿ ನೋಟನ್ನು ಮುಟ್ಟುವುದಿಲ್ಲ, ಮುಟ್ಟಿದರೂ ದರ ಕತ್ತರಿಸುತ್ತಾರೆ. ಅರ್ಜೆಂಟೀನಾದಲ್ಲಿ ಹಳೆಯ, ಚಿತ್ರ ಸಣ್ಣದಿರುವ ನೂರರ ನೋಟಿಗೆ ‘ಚಿಕ್ಕ ಮುಖ’ವೆಂಬ ಹೆಸರೇ ಇದ್ದು, ಅದಕ್ಕೆ ಬೆಲೆ ಕಡಿಮೆ. ಆದಕಾರಣ ಇಲ್ಲಿ ಕೊಳ್ಳುವಾಗಲೇ 2013ರ ಅಕ್ಟೋಬರಿನಿಂದ ಬಂದ, ನಡುವೆ ನೀಲಿ ಪಟ್ಟಿಯಿರುವ ಗರಿಗರಿ ನೂರರ ನೋಟನ್ನೇ ಕೇಳಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಮಡಚದೆ ಪುಸ್ತಕದ ನಡುವೆ ಇರಿಸಿಕೊಂಡು ಹೋಗಿ. ಕೌಂಟರಿನಲ್ಲಿ ಯಾರಾದರೂ ಅಭ್ಯಾಸಬಲದಿಂದ ಕಟ್ಟಿಗೆ ಸ್ಟೇಪ್ಲರ್ ಹಿಡಿದರೆ ಸಂಕೋಚಪಡದೆ ಕೈ ಅಡ್ಡ ಹಾಕಿ.

ಶುಲ್ಕದ ಮಾತಿಗೆ ಬಂದರೆ, 2023ರಲ್ಲಿ ಅಲ್ಲಿನ ಹಣದುಬ್ಬರ ಶೇಕಡ 211ನ್ನು ದಾಟಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರವು ಡಾಲರಿನ ದರವನ್ನು ಒಂದೇ ದಿನದಲ್ಲಿ ಸುಮಾರು 366 ಪೆಸೊದಿಂದ 800ಕ್ಕೆ ಏರಿಸಿತು. ಹಿಂದಿನ ದಿನ ಪೆಸೊದಲ್ಲಿ ಮೂರು ತಿಂಗಳ ಶುಲ್ಕ ಪಡೆದಿಟ್ಟುಕೊಂಡವರ ಸ್ಥಿತಿಯನ್ನು ನೀವೇ ಊಹಿಸಿ. ಅಂಥ ಏರಿಳಿತ ಈಚೆಗೆ ತಗ್ಗಿದ್ದರೂ, ಶುಲ್ಕವನ್ನು ಡಾಲರಿನಲ್ಲಿ ನಿಗದಿಮಾಡಿ, ಶಿಷ್ಯರು ಪೆಸೊ ಕೊಡುವುದಾದರೆ ಕೊಡುವ ದಿನದ ದರದಲ್ಲಿ, ವಾರಕ್ಕೊಮ್ಮೆ ತೆಗೆದುಕೊಳ್ಳಿ. ಬಂದ ಪೆಸೊವನ್ನು ಮನೆ ಬಾಡಿಗೆ, ದಿನಸಿ, ಮೆಟ್ರೊಗೆ ಮೊದಲು ಖರ್ಚುಮಾಡಿ. ಪ್ರವಾಸಿ ವೀಸಾದಲ್ಲಿ ಸಂಭಾವನೆ ಪಡೆಯುವಂತಿಲ್ಲವಾದ್ದರಿಂದ, ಕರೆದವರಿಂದ ಸರಿಯಾದ ಆಹ್ವಾನಪತ್ರ ತರಿಸಿಕೊಂಡು ತಕ್ಕ ವೀಸಾ ಮಾಡಿಸಿಕೊಳ್ಳಬೇಕು. ಮರಳುವಾಗ ನಿಮ್ಮ ಬಳಿ 5,000 ಡಾಲರಿಗಿಂತ ಹೆಚ್ಚು ವಿದೇಶಿ ನೋಟುಗಳಿದ್ದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಘೋಷಣೆ ಮಾಡಲೇಬೇಕು.

ಪ್ರಶ್ನೆ: ಒಂದೇ ದೇಶದಲ್ಲಿ ಡಾಲರಿಗೆ ಎರಡು ದರವೂ ಅಂಗಡಿಯಲ್ಲಿ ಖಾಲಿ ಕಪಾಟೂ ಒಟ್ಟಿಗೇ ಏಕೆ ಬರುತ್ತವೆ? (ವಾಣಿಜ್ಯ ಪದವಿ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಎರಡಕ್ಕೂ ಬೇರು ಒಂದೇ. ಪೆಟ್ರೋಲು, ಔಷಧ, ಗೋಧಿ, ಯಂತ್ರದ ಬಿಡಿಭಾಗಗಳನ್ನು ಹೊರಗಿನಿಂದ ತರಿಸುವ ದೇಶಕ್ಕೆ ಡಾಲರು ಬೇಕು. ನೋಟು ಅಚ್ಚುಹಾಕುವ ಮುದ್ರಣಾಲಯವೂ ನೋಟಿನ ಕಾಗದದ ಕಾರ್ಖಾನೆಯೂ ನಮ್ಮ ಮೈಸೂರಿನಲ್ಲೇ ಇವೆ, ಅಂಥವು ಬೇರೆ ದೇಶಗಳಿಗೂ ಇರಬಹುದು. ಆದರೆ ಡಾಲರನ್ನು ರಫ್ತು, ಪ್ರವಾಸೋದ್ಯಮ, ಹೊರದೇಶದಲ್ಲಿ ದುಡಿಯುವವರ ಹಣ, ಇಲ್ಲವೇ ಸಾಲ, ಇವುಗಳಿಂದಲೇ ತರಬೇಕು. ಸಂಗ್ರಹ ಕರಗುತ್ತ ಬಂದಾಗ ಸರ್ಕಾರ ಮರ್ಯಾದೆಗೋಸ್ಕರ ಹಳೆಯ ದರವನ್ನೇ ಹಿಡಿದುಕೊಂಡು ಕೂತರೆ, ಆ ಅಗ್ಗದ ದರಕ್ಕೆ ಡಾಲರು ಕೊಡುವವರು ಇರುವುದಿಲ್ಲ, ಕೇಳುವವರ ಸಾಲು ಮಾತ್ರ ಬೆಳೆಯುತ್ತದೆ. ಆಮದುದಾರನಿಗೆ ಡಾಲರು ಸಿಗದೆ ಹಡಗು ಬರುವುದಿಲ್ಲ, ಕಪಾಟು ಖಾಲಿಯಾಗುತ್ತದೆ. ಸಿಕ್ಕ ಡಾಲರು ಕಾಳಸಂತೆಗೆ ಹೋಗಿ ಎರಡನೆಯ ದರ ಹುಟ್ಟುತ್ತದೆ. ಲೆಬನಾನ್ 1997ರಿಂದ ಡಾಲರಿಗೆ 1,507.5 ಪೌಂಡೆಂದು ಹಿಡಿದಿಟ್ಟಿದ್ದ ದರ 2019ರ ನಂತರ ಕೈಬಿಟ್ಟುಹೋಗಿ, ಇತ್ತೀಚೆಗೆ 89,500ರ ಮಟ್ಟಕ್ಕೆ ಬಂದು ನಿಂತಿತು. ನಾವೂ 1991ರಲ್ಲಿ ಆ ಅಂಚಿನವರೆಗೆ ಹೋಗಿದ್ದೆವು. ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ವಿದೇಶಿ ಹಣ ಉಳಿದು, ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಒತ್ತೆಯಿಡಲಾಯಿತು, ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಇಥಿಯೋಪಿಯಾದ ಕಾರ್ಖಾನೆಯೊಂದರ ಯಂತ್ರ ಪರಿಶೀಲನೆಗೆ ಮೂರು ವಾರ ಬರಲು ಕೇಳಿದ್ದಾರೆ. ಅಲ್ಲಿ ಎಷ್ಟು ಹಣ, ಯಾವ ರೂಪದಲ್ಲಿ ಒಯ್ಯಬೇಕು? (ತಂತ್ರಜ್ಞರು, ಮಂಡ್ಯ)

ಉತ್ತರ: ಇಥಿಯೋಪಿಯಾ 2024ರ ಜುಲೈ 29ರಂದು ತನ್ನ ಹಣವಾದ ಬಿರ್ ಅನ್ನು ಮಾರುಕಟ್ಟೆಯ ದರಕ್ಕೆ ಬಿಟ್ಟುಕೊಟ್ಟಿತು. ಅದುವರೆಗೆ ಡಾಲರಿಗೆ 57ರಷ್ಟಿದ್ದದ್ದು ಮೊದಲ ದಿನವೇ 74ನ್ನು ಮುಟ್ಟಿ, ಕೆಲವೇ ವಾರಗಳಲ್ಲಿ ನೂರನ್ನು ಮೀರಿತು. ಅಲ್ಲಿ ಬೀದಿಯ ವಿನಿಮಯ ಅಪರಾಧ; ಅರ್ಜೆಂಟೀನಾದ ಉದಾರ ಕಣ್ಣು ಅಲ್ಲಿಲ್ಲ. ಹೋಟೆಲಿನ ಬಾಗಿಲಲ್ಲಿ ಸ್ನೇಹದಿಂದ ಮಾತಾಡಿಸುವವನು ಒಳ್ಳೆಯ ದರ ಹೇಳಿದರೂ ನಕ್ಕು ಮುಂದೆ ಹೋಗಿ. ಬ್ಯಾಂಕಿನಲ್ಲಿ ಬದಲಾಯಿಸಿದ ಪ್ರತಿಯೊಂದು ರಸೀದಿಯನ್ನೂ ಪಾಸ್‌ಪೋರ್ಟಿನ ಜೊತೆಗಿಡಿ. ಉಳಿದ ಬಿರ್ ಅನ್ನು ಹೊರಡುವಾಗ ಡಾಲರಾಗಿಸಲು ಅದನ್ನು ಕೇಳುತ್ತಾರೆ. ಒಳಗೆ ಹೋಗುವಾಗ ಡಾಲರು ಘೋಷಿಸಿದರೆ ಮೊಹರು ಹಾಕಿದ ಆ ಕಾಗದವೂ ಕೊನೆಯವರೆಗೆ ಕೈಯಲ್ಲಿರಲಿ.

ನಮ್ಮ ಕಡೆಯ ನಿಯಮದ ಪ್ರಕಾರ ಇಂಥ ದೇಶಕ್ಕೆ ಒಂದು ಪ್ರಯಾಣದಲ್ಲಿ ನೋಟಿನ ರೂಪದಲ್ಲಿ 3,000 ಡಾಲರಿನವರೆಗೆ ಒಯ್ಯಬಹುದು; ಇಲ್ಲಿ ಕೊಳ್ಳುವಾಗ 50,000 ರೂಪಾಯಿಗೆ ಮೇಲ್ಪಟ್ಟ ಹಣವನ್ನು ನಗದಾಗಿ ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ಮೂರು ವಾರಕ್ಕೆ, ಊಟ ವಸತಿ ಕಾರ್ಖಾನೆಯದೆಂದು ಒಪ್ಪಂದವಿದ್ದರೆ, 600 ಡಾಲರು ಧಾರಾಳ. ಸಂಭಾವನೆಯನ್ನು ಮಾತ್ರ ಬಿರ್‌ನಲ್ಲಿ ಒಪ್ಪಿಕೊಳ್ಳಬೇಡಿ. ವಿದೇಶಿ ಹಣದ ಕೊರತೆಯಿರುವ ದೇಶದಲ್ಲಿ ಹಣ ನಿಮ್ಮದಾಗಿರುತ್ತದೆ, ಹೊರಗೆ ಕಳಿಸುವ ಸರದಿ ಯಾವಾಗ ಬರುವುದೋ ಹೇಳಲಾಗದು. ಅರ್ಧವಾದರೂ ನೀವು ವಿಮಾನ ಹತ್ತುವ ಮೊದಲೇ ಮಂಡ್ಯದ ನಿಮ್ಮ ಖಾತೆಗೆ ಬಂದಿರಲಿ.

ಅದೇ ಕೊರತೆಯ ಇನ್ನೊಂದು ಮುಖ ನಿಮ್ಮ ಕೆಲಸಕ್ಕೇ ತಾಗುತ್ತದೆ. ಸಣ್ಣದೊಂದು ಬೇರಿಂಗಿಗೂ ಡಾಲರು ಮಂಜೂರಾಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಯಾವ ಗ್ಯಾಸ್ಕೆಟ್, ಸೀಲು, ಅಳತೆಯ ಉಪಕರಣ ಬೇಕಾದೀತೆಂದು ಮೊದಲೇ ಪಟ್ಟಿ ತರಿಸಿಕೊಂಡು, ಅವರ ಪತ್ರದೊಂದಿಗೆ ಇಲ್ಲಿಂದಲೇ ಒಯ್ದರೆ ನಿಮ್ಮ ಮೂರು ವಾರ ವ್ಯರ್ಥವಾಗುವುದಿಲ್ಲ. ಅಡಿಸ್ ಅಬಾಬಾದಿಂದ ಕಾರ್ಖಾನೆಗೆ ಹೋಗುವ ವಾಹನಕ್ಕೆ ಹೋಗಿಬರುವಷ್ಟು ಡೀಸೆಲ್ ಇದೆಯೆಂದು ಹೊರಡುವ ಹಿಂದಿನ ದಿನ ಚಾಲಕನಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ, ಕಚೇರಿಯವರ ಮಾತು ಸಾಲದು. ತಿನ್ನಲು ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಸಾಕು. ಜೊತೆಗೆ ನಮ್ಮ ಆಲೆಮನೆಯ ಬೆಲ್ಲ ಅರ್ಧ ಕೆ.ಜಿ. ಇರಲಿ. ನಗಬೇಡಿ, ದೊಡ್ಡ ಸಕ್ಕರೆ ಕಾರ್ಖಾನೆಗಳಿರುವ ಆ ದೇಶದ ಅಂಗಡಿಗಳಲ್ಲಿ ಸಕ್ಕರೆಯೇ ಸಿಗದ ಕಾಲ ಹಲವು ಬಾರಿ ಬಂದಿದೆ.

ಪ್ರಶ್ನೆ: ಕೆನಡಾದಲ್ಲಿರುವ ಮಗ ನಮ್ಮಿಬ್ಬರನ್ನೂ ಹತ್ತು ದಿನ ಕ್ಯೂಬಾಕ್ಕೆ ಕರೆದೊಯ್ಯುತ್ತಾನಂತೆ. ನಮ್ಮ ಯಜಮಾನರಿಗೆ ಇನ್ಸುಲಿನ್ ಇದೆ. ಅಲ್ಲಿ ಔಷಧವೂ ಕರೆಂಟೂ ಇರುವುದಿಲ್ಲವೆಂದು ಕೇಳಿ ಭಯವಾಗಿದೆ. (ಗೃಹಿಣಿ, ಮದ್ದೂರು)

ಉತ್ತರ: ಭಯಕ್ಕೆ ಕಾರಣವಿದೆ, ಆದರೆ ಸಿದ್ಧತೆಯಿಂದ ನಿಭಾಯಿಸಬಹುದಾದ ಭಯ. 2024ರ ಅಕ್ಟೋಬರಿನಲ್ಲಿ ಕ್ಯೂಬಾದ ವಿದ್ಯುತ್ ಜಾಲ ದೇಶಕ್ಕೆ ದೇಶವೇ ಕತ್ತಲಾಗುವಂತೆ ಕುಸಿದಿತ್ತು. ಔಷಧದಂಗಡಿಯಲ್ಲಿ ಸಾಮಾನ್ಯ ಮಾತ್ರೆಗೂ ಪರದಾಟ. ಹತ್ತು ದಿನಕ್ಕೆ ಇಪ್ಪತ್ತು ದಿನದ ಇನ್ಸುಲಿನ್, ಸೂಜಿ, ಸಕ್ಕರೆ ಪರೀಕ್ಷೆಯ ಪಟ್ಟಿ, ಮೀಟರಿನ ಸೆಲ್ಲು ಇಟ್ಟುಕೊಳ್ಳಿ. ಇವನ್ನು ಎರಡು ಪಾಲು ಮಾಡಿ ಒಂದು ನಿಮ್ಮ ಕೈಚೀಲದಲ್ಲೂ ಒಂದು ಅವರ ಕೈಚೀಲದಲ್ಲೂ ಇರಲಿ. ವಿಮಾನದ ಕೆಳಗೆ ಹೋಗುವ ಪೆಟ್ಟಿಗೆಗೆ ಹಾಕಬೇಡಿ, ಅಲ್ಲಿನ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಬಳಸಲು ತೆರೆದ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಗಿಂತ ಕೆಳಗೆ ನಾಲ್ಕು ವಾರದಷ್ಟು ಫ್ರಿಜ್ ಇಲ್ಲದೆಯೂ ಉಳಿಯುತ್ತದೆ. ನಿಮ್ಮದರ ಪೊಟ್ಟಣದ ಮೇಲಿನ ಸೂಚನೆಯನ್ನು ವೈದ್ಯರಿಗೆ ತೋರಿಸಿ ಕೇಳಿ. ನೀರಿನಲ್ಲಿ ನೆನೆಸಿದರೆ ಗಾಳಿಗೆ ತಂಪಾಗುವ ಚೀಲಗಳು ಔಷಧದಂಗಡಿಗಳಲ್ಲಿ ಸಿಗುತ್ತವೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯ ಉಪಾಯವೇ ಅದು. ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರೂ ಇರಲಿ. ಊಟ ತಡವಾಗುವುದು ಅಲ್ಲಿ ಸಾಮಾನ್ಯವಾದ್ದರಿಂದ ಗ್ಲೂಕೋಸು, ಬಿಸ್ಕತ್ತು, ನಿಪ್ಪಟ್ಟು ಸದಾ ಕೈಗೆಟುಕುವಂತಿರಬೇಕು. ನಿಮ್ಮೂರಿನ ವಡೆ ಅಷ್ಟು ದಿನ ತಡೆಯುವುದಿಲ್ಲ!

ಅಮೆರಿಕದ ಬ್ಯಾಂಕುಗಳು ಕೊಟ್ಟ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಮಗನ ಕಾರ್ಡು ಯಾವ ಬ್ಯಾಂಕಿನದೆಂದು ಈಗಲೇ ನೋಡಿಕೊಳ್ಳಲಿ, ಏನಿದ್ದರೂ ನಗದು ಬೇಕೇ ಬೇಕು. ಪ್ರಯಾಣಿಕರು ಆಹಾರ, ಔಷಧ, ಶುಚಿತ್ವದ ಸಾಮಾನನ್ನು ಸುಂಕವಿಲ್ಲದೆ ತರಲು ಕ್ಯೂಬಾ 2021ರ ಜುಲೈಯಿಂದ ಅವಕಾಶ ಕೊಟ್ಟು 2025ರವರೆಗೂ ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿತು. ಸೋಪು, ಹಲ್ಲುಪೇಸ್ಟು ಎರಡೆರಡು ಹೆಚ್ಚಿಗೆ ಒಯ್ದು ಉಳಿದುಕೊಂಡ ಮನೆಯವರಿಗೆ ಕೊಟ್ಟು ಬನ್ನಿ. ಟಿಪ್ಸಿನ ಹಣಕ್ಕಿಂತ ಅದು ಅವರಿಗೆ ಹೆಚ್ಚು. ಅಲ್ಲಿನ ಅಂಗಡಿಯಲ್ಲಿ ಕೊನೆಯ ಹಾಲಿನ ಪುಡಿಯ ಡಬ್ಬ ಕಂಡರೆ, ಕೈಯಲ್ಲಿ ಡಾಲರಿದೆಯೆಂದು ಅದನ್ನು ಎತ್ತಿಕೊಳ್ಳಬೇಡಿ.

ಪ್ರಶ್ನೆ: ಜಾಂಬಿಯಾದಲ್ಲಿರುವ ಅಳಿಯ ಜಿಂಬಾಬ್ವೆಯ ಕಡೆಯಿಂದ ವಿಕ್ಟೋರಿಯಾ ಜಲಪಾತ ತೋರಿಸುತ್ತಾರಂತೆ. ಅಲ್ಲಿ ಉಳಿದ ನೋಟುಗಳನ್ನು ಮೈಸೂರಿನಲ್ಲಿ ಬದಲಾಯಿಸಬಹುದೇ? (ರೈತರು, ಕೃಷ್ಣರಾಜಪೇಟೆ)

ಉತ್ತರ: ಆಗದು. ನಮ್ಮಲ್ಲಿ ಕೊಳ್ಳುವುದು ಡಾಲರು, ಯೂರೊ, ಪೌಂಡು, ದಿರ್ಹಂ ಮುಂತಾದ ಕೆಲವನ್ನು ಮಾತ್ರ. ಉಳಿದ ಡಾಲರುಗಳಲ್ಲಿ 2,000ದವರೆಗೆ ನೀವೇ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಮರಳಿದ 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ಜಿಂಬಾಬ್ವೆಯಲ್ಲಿ ದಿನನಿತ್ಯದ ವ್ಯವಹಾರಕ್ಕೂ ಅಮೆರಿಕದ ಡಾಲರು ಓಡುತ್ತದೆ. ತೊಂದರೆಯೆಂದರೆ ಚಿಲ್ಲರೆಯದು; ಬಾಕಿಗೆ ಬದಲಾಗಿ ಮಿಠಾಯಿ, ಪೆನ್ನು ಕೈಗಿಡುವ ಪದ್ಧತಿ ನಮ್ಮ ಅಂಗಡಿಗಳಂತೆ ಅಲ್ಲಿಯೂ ಉಂಟು. ಆದ್ದರಿಂದ ಒಂದು ಮತ್ತು ಐದು ಡಾಲರಿನ ನೋಟುಗಳನ್ನು ಐವತ್ತರಷ್ಟಾದರೂ ಒಯ್ದು, ಸ್ಥಳೀಯ ನೋಟನ್ನು ಮುಟ್ಟದೆಯೇ ಬನ್ನಿ. 2009ರ ಆರಂಭದಲ್ಲಿ ಬಂದ ನೂರು ಟ್ರಿಲಿಯನ್‌ನ, ಅಂದರೆ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳ ನೋಟನ್ನು ಅಲ್ಲಿ ನೆನಪಿಗೆಂದು ಮಾರುತ್ತಾರೆ. ಮೊಮ್ಮಕ್ಕಳಿಗಾಗಿ ಒಂದನ್ನು ಕೊಳ್ಳುವುದಾದರೆ ಚೌಕಾಸಿ ಮಾಡಿಯೇ ಕೊಳ್ಳಿ. ಚಲಾವಣೆಯ ಕೊನೆಗೆ ಅದಕ್ಕೆ ಇದ್ದ ಬೆಲೆಗಿಂತ ಈಗ ಕೇಳುವ ಬೆಲೆ ಹೆಚ್ಚು.